ಉದ್ರಿ ಬಾಯಿಪಾಠ, ಉಳಿಕೆ ದೇವರೇ ಬಲ್ಲ

ಗಡಹಿಂಗ್ಲಜದ ಪೇಟೆಯಲ್ಲಿ ಯಾವುದಾದರೂ ಅಂಗಡಿಯ ಕಟ್ಟೆಯ ಮೇಲೆ ಕೂತು ಎರಡು ಪ್ರಶ್ನೆ ಕೇಳಿ ನೋಡಿ. ಮೊದಲನೆಯದು: "ಕಾಕಾ, ನಿಮಗ ಬರೂ ಉದ್ರಿ ಎಷ್ಟೈತ್ರಿ?" ವಹಿ ತೆರೆಯುವ ಕೆಲಸವೇ ಇಲ್ಲ. "ನೂಲದ ಗೌಡ್ರದು ನಾಕು ಸಾವಿರದ ಮುನ್ನೂರು, ಅದರಾಗ ಮುನ್ನೂರು ಪಂಚಮಿ ಉಂಡಿ ಬೆಲ್ಲದ್ದು. ಹಲಕರ್ಣಿ ಮಾಸ್ತರ್ದು ಎರಡು ಸಾವಿರ. ಪಗಾರ ಆಗಿ ವಾರ ಆತು, ಈ ಓಣಿ ಬಿಟ್ಟು ಆ ಓಣಿ ಹಿಡದು ಅಡ್ಡಾಡಾಕತ್ಯಾರ." ಹೀಗೆ ಇಡೀ ತಾಲೂಕಿನ ಸಾಲಸೋಲ ನಾಲಿಗೆಯ ತುದಿಯಲ್ಲಿ ಕುಣಿಯುತ್ತದೆ. ಈಗ ಎರಡನೆಯದು: "ಹೋದ ವರ್ಷ ನಿಮಗ ಎಷ್ಟ ಉಳೀತ್ರಿ?" ಕಾಕಾ ಫ್ಯಾನು ನೋಡುತ್ತಾರೆ. ತಕ್ಕಡಿಯ ತಟ್ಟೆಯನ್ನು ಸುಮ್ಮಸುಮ್ಮನೆ ಒರೆಸುತ್ತಾರೆ. "ಉಳಿಯೂದೇನ್ ಬಂತ್ರಿ, ಹೊಟ್ಟಿ-ಬಟ್ಟಿಗೆ ನಡದೈತಿ." ಹೊಟ್ಟೆ-ಬಟ್ಟೆಗೆ ನಡೆದ ಆ ಅಂಗಡಿಯ ನೆತ್ತಿಯ ಮೇಲೆ ಎರಡು ಮಹಡಿ ಎದ್ದಿವೆ, ಮೂರನೆಯದಕ್ಕೆ ಕಬ್ಬಿಣದ ಸಳಿ ಬಿಟ್ಟಿದ್ದಾರೆ.

ಇದು ಸುಳ್ಳು ಎಂದು ನೀವು ತಿಳಿದರೆ ಕಾಕಾರಿಗೆ ಅನ್ಯಾಯ ಮಾಡಿದಂತಾಗುತ್ತದೆ. ಅವರಿಗೆ ನಿಜಕ್ಕೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಗಲ್ಲಾ ಒಂದೇ, ಕೈ ಐದು. ಬೆಳಿಗ್ಗೆ ಮಗಳ ಕ್ಲಾಸಿನ ಫೀ ಅದರಿಂದಲೇ ಹೋಯಿತು. ಹತ್ತು ಗಂಟೆಗೆ ಸಿಲಿಂಡರಿನವ ಬಂದ, ಅದರಿಂದಲೇ ಕೊಟ್ಟರು. ಮಧ್ಯಾಹ್ನ ಕಾಕು ಭಿಶಿಯ (ಚೀಟಿಯ) ಹಪ್ತೆಗೆಂದು ಬಂದು, ಗಂಡನಿಗೆ ಹೇಳುವ ಉಸಾಬರಿಗೂ ಹೋಗದೆ, ಎಣಿಸಿಕೊಂಡು ಹೋದರು. ನಡುವೆ ಎಣ್ಣೆ ಡಬ್ಬಿಯ ಕಂಪನಿಯವನಿಗೆ ಒಂದಿಷ್ಟು, ಹಮಾಲನಿಗೆ ಒಂದಿಷ್ಟು. ಸಂಜೆ ಶಟರ್ ಎಳೆಯುವಾಗ ತಳದಲ್ಲಿ ಉಳಿದ ಸುಕ್ಕುನೋಟುಗಳನ್ನು ನೋಡಿ ಕಾಕಾ ನಿಟ್ಟುಸಿರು ಬಿಡುತ್ತಾರೆ: "ಧಂಧೆದಾಗ ಏನೂ ಇಲ್ರಿ ಈಗ." ಧಂಧೆಯಲ್ಲಿ ಇತ್ತು ಕಾಕಾ, ಮನೆಯವರು ಒಯ್ದರು. ಮನೆಯ ಖರ್ಚು ಅಂಗಡಿಯ ಖರ್ಚಲ್ಲ. ಅದು ಮಾಲಕ ತನ್ನ ಬಂಡವಾಳದಿಂದ ಎತ್ತಿಕೊಂಡ ದುಡ್ಡು. ಅಂಗಡಿ ಬೇರೆ, ಅಂಗಡಿಕಾರ ಬೇರೆ ಎಂಬ ಈ ಒಂದು ಮಾತು ತಲೆಗೆ ಹೋದರೆ ಲೆಕ್ಕಶಾಸ್ತ್ರದ ಅರ್ಧ ಪರೀಕ್ಷೆ ಪಾಸು. ಆದರೆ ಕಾಕಾರಿಗೆ ಹೇಳಿ ನೋಡಿ: "ಅಂಗಡೀನೂ ನಂದ, ಹೇಣ್ತೀನೂ ನನ್ನಾಕಿ, ಬ್ಯಾರೆ ಹೆಂಗರಿ?"

ಹಿರಿಯರಿಗೆ ಇದೆಲ್ಲ ಗೊತ್ತಿತ್ತು. ರೋಜಕೀರ್ದಿ ಎಂಬ ಉದ್ದನೆಯ ಕೆಂಪು ವಹಿ. ಮೇಲೆ ಆರಂಭದ ಶಿಲ್ಕು, ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಕೆಳಗೆ ಅಖೇರಿ ಶಿಲ್ಕು. ರಾತ್ರಿ ಶಿಲ್ಕು ತಾಳೆಯಾಗದಿದ್ದರೆ ಊಟಕ್ಕೆ ಏಳುತ್ತಿರಲಿಲ್ಲ. ಮನೆಗೆ ಒಯ್ದ ಪಾವು ಸಕ್ಕರೆಯನ್ನೂ "ಮನಿಖಾತೆ" ಎಂದು ಬರೆದಿಡುತ್ತಿದ್ದರು. ಆ ವಹಿಗಳು ಈಗಲೂ ಇವೆ, ಪೂಜೆಗೆ. ದೀಪಾವಳಿ ಪಾಡ್ಯದ ದಿನ ಹೊಸ ವಹಿ ತಂದು, ಮೊದಲ ಪುಟದಲ್ಲಿ "ಶ್ರೀ" ಬರೆದು, ಅರಿಷಿಣ ಕುಂಕುಮ ಏರಿಸಿ, ಎಲೆ ಅಡಿಕೆ ಇಟ್ಟು, ಪಕ್ಕದಲ್ಲಿದ್ದ ಕಂಪ್ಯೂಟರಿಗೂ ಒಂದು ಬೊಟ್ಟು ಹಚ್ಚಿ, ಪೇಢೆ ಹಂಚುತ್ತಾರೆ. ಎರಡನೆಯ ಪುಟ ಮುಂದಿನ ಪಾಡ್ಯದವರೆಗೂ ಬೆಳ್ಳಗೇ ಇರುತ್ತದೆ. ಹಿಂದೆ ಪಾಡ್ಯದಿಂದ ಪಾಡ್ಯಕ್ಕೆ ಲೆಕ್ಕ ಹಿಡಿದರೆ ಆದಾಯ ತೆರಿಗೆಯವರೂ ಒಪ್ಪುತ್ತಿದ್ದರು. 1989ರಿಂದ ಎಲ್ಲರಿಗೂ ಏಪ್ರಿಲ್ 1ರಿಂದ ಮಾರ್ಚ್ 31 ಎಂದು ಒಂದೇ ಅಳತೆ ಬಂತು. ಅಂದಿನಿಂದ ಲಕ್ಷ್ಮಿ ಬರುವುದು ಅಕ್ಟೋಬರ್-ನವೆಂಬರಿನಲ್ಲಿ, ಅವಳ ಲೆಕ್ಕ ಕೇಳುವವರು ಬರುವುದು ಮಾರ್ಚಿನಲ್ಲಿ.

ವರ್ಷದ ಲೆಕ್ಕದ ವಿಷಯದಲ್ಲೇ ಇನ್ನೊಂದು ಮೋಜು. ಗಳಿಸಿದ ವರ್ಷ ಬೇರೆ, "ಅಸೆಸ್‌ಮೆಂಟ್ ವರ್ಷ" ಬೇರೆ ಎಂದು ನಮ್ಮವರಿಗೆ ತಿಳಿಸುವಷ್ಟರಲ್ಲಿ ಪೇಟೆಯ ಟ್ಯಾಕ್ಸ್ ಸಲಹೆಗಾರರ ಕೂದಲು ಬೆಳ್ಳಗಾಯಿತು. ಅಂತೂ ತಿಳಿಯಿತು ಎನ್ನುವಾಗ ಸರಕಾರ 1961ರ ಕಾಯ್ದೆಯನ್ನೇ ತೆಗೆದುಹಾಕಿತು. 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ. ಅಸೆಸ್‌ಮೆಂಟ್ ವರ್ಷ ಹೋಗಿ ಬರೇ "ತೆರಿಗೆ ವರ್ಷ" ಉಳಿದಿದೆ. ಬಾಯಿಪಾಠ ಮಾಡಿದ ಕಲಮುಗಳ ನಂಬರೂ ಬದಲು. ಪೇಟೆ ಮಾತ್ರ ಹಳೆಯ "ನಲವತ್ನಾಕು ಎಡಿ" ಎಂಬ ಮಂತ್ರವನ್ನು ಸುಲಭಕ್ಕೆ ಬಿಡುವುದಿಲ್ಲ.

ಆ ಮಂತ್ರ ಏನೆಂದರೆ, ವರ್ಷದ ವಹಿವಾಟು 2 ಕೋಟಿಯೊಳಗಿದ್ದರೆ (ನಗದು ಶೇಕಡಾ 5 ಮೀರದಿದ್ದರೆ 3 ಕೋಟಿ) ಸಣ್ಣ ವ್ಯಾಪಾರಿ ಪೂರ್ತಿ ಜಮಾಖರ್ಚು ಬರೆಯದೆ, ನಗದು ವ್ಯಾಪಾರದ ಮೇಲೆ ಶೇಕಡಾ 8, ಬ್ಯಾಂಕು-ಫೋನಿನಿಂದ ಬಂದದ್ದರ ಮೇಲೆ ಶೇಕಡಾ 6 ಲಾಭ ಎಂದು ತೋರಿಸಿ ಕೈತೊಳೆದುಕೊಳ್ಳಬಹುದು. 36 ಲಕ್ಷ ವಹಿವಾಟಿನ ಕಿರಾಣಿ ಅಂಗಡಿ ಎನ್ನೋಣ. 24 ಲಕ್ಷ ಫೋನಿನಲ್ಲಿ ಬಂತು, ಅದಕ್ಕೆ 1,44,000. ಉಳಿದ 12 ಲಕ್ಷ ನಗದು, ಅದಕ್ಕೆ 96,000. ಒಟ್ಟು ಲಾಭ 2,40,000. ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ, 12 ಲಕ್ಷದವರೆಗೆ ರಿಯಾಯಿತಿಯಿಂದ ಸೊನ್ನೆ. ಅಂದರೆ ಕಾಕಾ ಇಷ್ಟು ವರ್ಷ ಹೆದರಿ ಮುಚ್ಚಿಟ್ಟದ್ದನ್ನು ತೆರೆದು ತೋರಿಸಿದ್ದರೂ ಯಾರೂ ಒಂದು ರೂಪಾಯಿ ಕೇಳುತ್ತಿರಲಿಲ್ಲ! ಈ ಸುದ್ದಿ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಸಂತೋಷವಾಗಲಿಲ್ಲ, ಮುಚ್ಚಿಟ್ಟ ಶ್ರಮ ದಂಡವಾಯಿತಲ್ಲ ಎಂದು ಬೇಜಾರಾಯಿತು.

ಆದರೆ ಈ 8ರ ಮಹಿಮೆ ನೋಡಿ. ಬಟ್ಟೆ ಅಂಗಡಿಗೂ 8, ಸ್ಟೇಶನರಿಗೂ 8, ಮಿಠಾಯಿಗೂ 8. ಇಡೀ ಪೇಟೆಯ ಲಾಭ ಒಂದೇ ಗೆರೆಗೆ ಬಂದು ನಿಲ್ಲುತ್ತದೆ. ಕಾಯ್ದೆ ಹೇಳುವುದು 8 ಅಥವಾ ನಿಜವಾಗಿ ಅದಕ್ಕಿಂತ ಹೆಚ್ಚು ಗಳಿಸಿದ್ದರೆ ಆ ಹೆಚ್ಚು ಎಂದು. ಆ "ಅಥವಾ" ನಂತರದ ಸಾಲನ್ನು ಗಡಹಿಂಗ್ಲಜದಲ್ಲಿ ಯಾರೂ ಓದಿದಂತಿಲ್ಲ. ಇನ್ನು ಮಾರ್ಕೆಟ್ ಯಾರ್ಡಿನ ಮೆಣಸಿನಕಾಯಿ ಅಡತಿಯವರು ತಾವೂ 8ರ ಪಂಗಡ ಎಂದು ತಿಳಿದಿದ್ದರೆ, ಅದು ತಪ್ಪು ಸಾಹೇಬ್ರ. ದಲಾಲಿ, ಕಮಿಷನ್ನು, ಏಜೆನ್ಸಿ, ಈ ಮೂವರಿಗೂ ಆ ಬಾಗಿಲು ಮುಚ್ಚಿದೆ. ಅವರು ವಹಿ ಬರೆಯಲೇಬೇಕು. ಮತ್ತೆ ಒಂದು ವರ್ಷ 8 ತೋರಿಸಿ, ಮರುವರ್ಷ "ಈ ಸಲ ಲುಕ್ಸಾನು" ಎಂದು ಹೊರಗೆ ಬಂದವರನ್ನು ಮುಂದೆ ಐದು ವರ್ಷ ಒಳಗೆ ಬಿಡುವುದಿಲ್ಲ. ವಹಿ ಬರೆಯುವವರಿಗೆ ಇನ್ನೊಂದು ಮುಳ್ಳು: ಒಬ್ಬನಿಗೆ ಒಂದೇ ದಿನ 10,000 ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಖರ್ಚೆಂದೇ ಹಿಡಿಯುವುದಿಲ್ಲ. "9,900ರ ಎರಡ ಪಾವತಿ ಮಾಡಿದ್ರ?" ಎಂದು ಕೇಳುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಕಾಯ್ದೆ ಬರೆದವರಿಗೂ ಕೂಡಿಸಲು ಬರುತ್ತದೆ.

ಈ ನಡುವೆ ಗಲ್ಲಾದ ಪಕ್ಕಕ್ಕೆ ಬಂದು ಕೂತಿತು ಯುಪಿಐನ ಆ ಮಾತನಾಡುವ ಡಬ್ಬಿ. ಗಿರಾಕಿ ಹತ್ತು ರೂಪಾಯಿ ಚಹಾಪುಡಿ ಒಯ್ದರೂ ಡಂಗುರ ಸಾರುವವನ ಹಾಗೆ ಓಣಿಗೆಲ್ಲ ಕೇಳಿಸುತ್ತದೆ. ಅದು ಓಣಿಗೆ ಮಾತ್ರ ಕೇಳಿಸುತ್ತಿಲ್ಲ ಎಂದು ಗೊತ್ತಾದದ್ದು 2025ರ ಜುಲೈನಲ್ಲಿ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ನಾಲ್ಕು ವರ್ಷದ ಯುಪಿಐ ಲೆಕ್ಕ ತೆಗೆದು ಬೇಕರಿ, ಚಹಾದಂಗಡಿ, ಕಾಂಡಿಮೆಂಟ್ಸಿನವರಿಗೆ ನೋಟಿಸು ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 1.63 ಕೋಟಿ ವಹಿವಾಟಿಗೆ 29 ಲಕ್ಷದ ನೋಟಿಸು ಬಂದದ್ದು ಊರೂರಿಗೆ ಸುದ್ದಿಯಾಯಿತು. ಬೆಂಗಳೂರಿನಲ್ಲಿ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಹಲಗೆ ಎದ್ದವು. ಗಡಿಯಾಚೆಯ ಸಂಕೇಶ್ವರದ ಬೀಗರಿಂದ ಸುದ್ದಿ ಬಂದ ಕೂಡಲೇ ನಮ್ಮ ಕಾಕಾ ಕ್ಯೂಆರ್ ಕಾಗದದ ಮೇಲೆ ಕ್ಯಾಲೆಂಡರ್ ತೂಗುಬಿಟ್ಟರು. "ಅದು ಕರ್ನಾಟಕರೀ ಕಾಕಾ, ನಿಮ್ದು ಮಹಾರಾಷ್ಟ್ರ" ಎಂದರೆ, "ಫೋನಿಗೆ ಗಡಿ ಐತೇನ್ರಿ?" ಎಂದರು. ಮಾತು ಖರೆ. ಆದರೆ ಹೆದರಿಕೆ ಮಾತ್ರ ಅರೆಬರೆ. ಸಾಮಾನು ಮಾರುವವನಿಗೆ ವರ್ಷಕ್ಕೆ 40 ಲಕ್ಷ, ಸೇವೆ ಮಾಡುವವನಿಗೆ 20 ಲಕ್ಷ ಮೀರಿದಾಗ ಜಿಎಸ್‌ಟಿ ನೋಂದಣಿ. ತಾಜಾ ಕಾಯಿಪಲ್ಲೆಯಂಥ ತೆರಿಗೆ ಇಲ್ಲದ ಮಾಲನ್ನಷ್ಟೇ ಮಾರುವವನಿಗೆ ಎಷ್ಟು ಮಾರಿದರೂ ನೋಂದಣಿ ಬೇಡ. ಹಾವೇರಿಯವರ ವಾದವೂ ಇದೇ ಆಗಿತ್ತು. ಕೊನೆಗೆ ಮುಖ್ಯಮಂತ್ರಿಗಳೇ ಸಭೆ ಕರೆದು, ಹಳೆಯ ಬಾಕಿ ಕೇಳುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಎಂದ ಮೇಲೆ ಗದ್ದಲ ತಣ್ಣಗಾಯಿತು. ಕ್ಯಾಲೆಂಡರಿನ ಹಿಂದಿನ ಕ್ಯೂಆರ್ ಕೂಡ ಮೆಲ್ಲಗೆ ಹೊರಗೆ ಬಂತು. ನಗದಿಗೆ ಚಿಲ್ಲರೆ ಎಲ್ಲಿಂದ ತರುವುದು?

ಕಾಕಾ ನುಡಿದ ಆ ಗಡಿಯ ವಿಷಯಕ್ಕೆ ಬರೋಣ, ಯಾಕೆಂದರೆ ಪುಣೆ-ಬೆಂಗಳೂರಿನವರಿಗೆ ಇಲ್ಲದ ಒಂದು ಪಾಠ ನಮಗೆ ಹೆಚ್ಚು. ಜಿಎಸ್‌ಟಿ ನಂಬರಿನಲ್ಲಿ ಹದಿನೈದು ಅಕ್ಷರ. ಮೊದಲ ಎರಡು ರಾಜ್ಯದ್ದು, ಮುಂದಿನ ಹತ್ತು ನಿಮ್ಮ ಪ್ಯಾನು. ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29. ನಡುವಿನ 28 ಅಖಂಡ ಆಂಧ್ರದ್ದು. ಎರಡು ರಾಜ್ಯಗಳ ನಡುವೆ ಆಂಧ್ರವನ್ನು ತಂದು ಕೂರಿಸುವ ಉಪಾಯ ಗಡಿ ವಿವಾದದ ಮಹಾಜನ ಆಯೋಗಕ್ಕೂ ಹೊಳೆದಿರಲಿಲ್ಲ! ಈಗ ಗಡಹಿಂಗ್ಲಜದ ವ್ಯಾಪಾರಿ ಒಂದು ಟೆಂಪೊ ಒಣಮೆಣಸಿನಕಾಯಿಯನ್ನು ಕೊಲ್ಹಾಪುರಕ್ಕೆ ಕಳಿಸಲಿ, ಅದು ಮನೆಯೊಳಗಿನ ವ್ಯವಹಾರ. ಅದೇ ಟೆಂಪೊ ಎದುರು ದಿಕ್ಕಿಗೆ ತಿರುಗಿ, ಚಹಾ ಆರುವುದರೊಳಗೆ ಸಂಕೇಶ್ವರ ಮುಟ್ಟಲಿ, ಅಂತರರಾಜ್ಯ ವ್ಯವಹಾರ. ಅಂತರರಾಜ್ಯ ಮಾಲಿಗೆ ಆ 40 ಲಕ್ಷದ ರಿಯಾಯಿತಿಯೇ ಇಲ್ಲ; ಮೊದಲ ಚೀಲಕ್ಕೇ ನೋಂದಣಿ ಬೇಕು. 50,000 ಮೀರಿದ ಮಾಲಾದರೆ ಇ-ವೇ ಬಿಲ್ಲೂ ಬೇಕು. ಮಹಾರಾಷ್ಟ್ರದ ಒಳಗಾದರೆ 1 ಲಕ್ಷದವರೆಗೆ ಆ ಉಪದ್ರವವಿಲ್ಲ. ಸಂಕೇಶ್ವರಿ ಮೆಣಸಿನಕಾಯಿ ಎಂದು ಊರಿನ ಹೆಸರು ಹೊತ್ತ ಮಾಲು ತನ್ನ ಹೆಸರಿನ ಊರಿಗೇ ಹೋಗಲು ಇಷ್ಟು ಕಾಗದ! ಹೆಣ್ಣುಮಗಳು ತವರಿಗೆ ಹೋಗಲೂ ಇಷ್ಟು ಪರವಾನಗಿ ಕೇಳುವುದಿಲ್ಲ. ರೈತ ತನ್ನ ಹೊಲದ ಮೆಣಸಿನಕಾಯಿಯನ್ನು ತಾನೇ ಒಯ್ದು ಮಾರಿದರೆ ಮಾತ್ರ ಯಾವ ನೋಂದಣಿಯೂ ಬೇಡ.

ಕಂಪೋಸಿಷನ್ ಎಂಬ ಇನ್ನೊಂದು ಸುಲಭದ ದಾರಿ ಇದೆ. ಒಂದೂವರೆ ಕೋಟಿಯೊಳಗಿನ ವ್ಯಾಪಾರಿ ಶೇಕಡಾ 1 ಕಟ್ಟಿ ಸುಮ್ಮನಿರಬಹುದು. ಕಾಕಾರ ತಮ್ಮ ಅದನ್ನೇ ತಗೊಂಡಿದ್ದಾರೆ. ಆದರೆ ಅವರು ಗಡಿಯಾಚೆ ಮಾಲು ಕಳಿಸುವಂತಿಲ್ಲ, ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತೆಯೂ ಇಲ್ಲ. "ಹಂಗಾದ್ರ ಸಂಕೇಶ್ವರದವರು ಅಂಗಡಿಗೆ ಬಂದ್ರ ಓಡಿಸ್ಲೇನ್ರಿ?" ಎಂದು ತಮ್ಮ ಕೇಳಿದರು. ಬೇಡಿ. ಸಾದಾ ಗಿರಾಕಿ ಬಂದು, ವಿಳಾಸ ಬರೆಸದೆ, ಸಾಮಾನು ತಾನೇ ಚೀಲಕ್ಕೆ ಹಾಕಿಕೊಂಡು ಹೋದರೆ ಆ ವ್ಯಾಪಾರ ನಡೆದದ್ದು ಗಡಹಿಂಗ್ಲಜದಲ್ಲಿ. ಅವನು ಕರ್ನಾಟಕದ ಬಸ್ಸು ಹತ್ತಿದನೋ ಮಹಾರಾಷ್ಟ್ರದ ಎಸ್‌ಟಿ ಹತ್ತಿದನೋ ಅದು ಅವನ ಹಣೆಬರಹ. ನೀವೇ ಟೆಂಪೊ ತುಂಬಿ ಕಳಿಸಿದರೆ ಮಾತ್ರ ಸಿಕ್ಕಿಬೀಳುತ್ತೀರಿ.

ಬೆಲ್ಲದ ಮಾತೂ ಹೀಗೇ. ಕೊಲ್ಹಾಪುರದ ರವೆಯನ್ನು, ಅಂದರೆ ಬೆಲ್ಲದ ಅಚ್ಚನ್ನು, ಬಿಡಿಯಾಗಿ ತೂಗಿ ಕೊಟ್ಟರೆ ತೆರಿಗೆ ಇಲ್ಲ. ಅದನ್ನೇ ಕಾಲು ಕಿಲೊ, ಅರ್ಧ ಕಿಲೊ ಪೊಟ್ಟಣ ಮಾಡಿ ಹೆಸರು-ತೂಕದ ಚೀಟಿ ಅಂಟಿಸಿದರೆ 2022ರ ಜುಲೈ 18ರಿಂದ ಶೇಕಡಾ 5. ಮಗ ಪುಣೆಯಲ್ಲಿ ಕಲಿತು ಬಂದು "ಬ್ರ್ಯಾಂಡಿಂಗ್ ಮಾಡೂಣ ಪಪ್ಪಾ" ಎನ್ನುತ್ತಾನೆ. ಪಪ್ಪಾ ಸುಮ್ಮನಿರುವುದಕ್ಕೆ ಕಾರಣವಿದೆ.

ವ್ಯಾಪಾರಿಗಳನ್ನೇ ಕಾಡಿದರೆ ಬಾಡಿಗೆ ಮಾಲಕರಿಗೆ ಸಿಟ್ಟು ಬಂದೀತು. ಗಡಹಿಂಗ್ಲಜದಲ್ಲಿ ನಾಲ್ಕು ದುಡ್ಡು ಕೂಡಿದವರ ಮೊದಲ ಆಸೆ ಕೊಲ್ಹಾಪುರದಲ್ಲಿ ಒಂದು ಫ್ಲ್ಯಾಟು; ಕಾಲೇಜು ಹುಡುಗರಿಗೆ ಕೊಟ್ಟು ತಿಂಗಳಾ ತಿಂಗಳಾ ಎಣಿಸುವುದು. ನಮ್ಮ ಮಾಮಾ ಒಬ್ಬರು ಗಡಿಯಾಚೆಯ ನಿಪ್ಪಾಣಿಯಲ್ಲಿ ಕಟ್ಟಿಸಿದ ಮನೆಗೆ ಹನ್ನೊಂದು ತಿಂಗಳ ಕರಾರು ಬರೆಸಿ, ವರ್ಷದೊಳಗಿನದಕ್ಕೆ ನೋಂದಣಿ ಬೇಡವೆಂದು ಆರಾಮಾಗಿದ್ದಾರೆ. ಅದೇ ಉಪಾಯವನ್ನು ಕೊಲ್ಹಾಪುರದ ಫ್ಲ್ಯಾಟಿಗೂ ಹಚ್ಚಿದರು. ಆದರೆ ಮಹಾರಾಷ್ಟ್ರದ 1999ರ ಬಾಡಿಗೆ ಕಾಯ್ದೆಗೆ ಹನ್ನೊಂದೂ ಒಂದೇ, ಇಪ್ಪತ್ತೆರಡೂ ಒಂದೇ. ಲೀವ್ ಅಂಡ್ ಲೈಸೆನ್ಸ್ ಕರಾರನ್ನು ನೋಂದಾಯಿಸಲೇಬೇಕು, ಜವಾಬ್ದಾರಿ ಮಾಲಕನದು, ತಪ್ಪಿದರೆ 5,000ದವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ಅದಕ್ಕಿಂತ ದೊಡ್ಡ ತಮಾಷೆ, ನೋಂದಣಿ ಇಲ್ಲದಾಗ ಕರಾರಿನ ಶರತ್ತು ಏನಿತ್ತು ಎಂಬ ಜಗಳ ಬಂದರೆ, ಬೇರೆ ಪುರಾವೆ ಇಲ್ಲದಿದ್ದಲ್ಲಿ ಬಾಡಿಗೆದಾರ ಹೇಳಿದ್ದೇ ಖರೆ. ಹದಿನೆಂಟರ ಹುಡುಗ "ಬಾಡಿಗೆ ಎರಡೇ ಸಾವಿರ ಅಂತ ಮಾತಾಗಿತ್ತು" ಎಂದರೆ ಮಾಮಾ ಏನು ಮಾಡುತ್ತಾರೆ?

ತೆರಿಗೆಯ ಲೆಕ್ಕ ಮಾತ್ರ ಬಾಡಿಗೆಯವರಿಗೆ ಬಹಳ ಸರಳ, ಅದಕ್ಕೇ ಅವರು ನಂಬುವುದಿಲ್ಲ. ಒಂದು ಅಂಗಡಿ ಗಾಳೆಗೆ ತಿಂಗಳಿಗೆ 10,000, ವರ್ಷಕ್ಕೆ 1,20,000. ಅದರಲ್ಲಿ ನೀವು ಆ ವರ್ಷ ನಿಜವಾಗಿ ಕಟ್ಟಿದ ಘರಪಟ್ಟಿ 6,000 ತೆಗೆಯಿರಿ; 1,14,000 ಉಳಿಯಿತು. ಅದರ ಶೇಕಡಾ 30, ಅಂದರೆ 34,200, ರಿಪೇರಿ-ಗಿಪೇರಿಗೆಂದು ಸರಕಾರವೇ ಬಿಡುತ್ತದೆ. ಸಾಲ ಮಾಡಿ ಕಟ್ಟಿಸಿದ್ದರೆ ಬಡ್ಡಿಯೂ ಕಳೆಯುತ್ತದೆ. ಸಾಲವಿಲ್ಲದಿದ್ದರೆ ಆದಾಯ 79,800. ಸುಣ್ಣ ಹಚ್ಚಿದರೂ ಅದೇ 30, ಹಚ್ಚದಿದ್ದರೂ ಅದೇ 30. ಮಾಮಾ ಬಣ್ಣದ ಡಬ್ಬಿ, ನಲ್ಲಿ, ಫರಸಿಯ ಬಿಲ್ಲುಗಳನ್ನೆಲ್ಲ ರಬ್ಬರು ಹಾಕಿ ಕಟ್ಟಿಕೊಂಡು ಬಂದಿದ್ದರು. ಅರ್ಧ ಬಿಲ್ಲುಗಳು ಮಿಷನ್ನಿನ ಮಿರಮಿರ ಕಾಗದದವು, ಒಂದು ಬೇಸಿಗೆ ದಾಟುವಷ್ಟರಲ್ಲಿ ಅಕ್ಷರ ಹಾರಿ ಖಾಲಿ ಚೀಟಿಗಳಾಗಿದ್ದವು. ಬಿಲ್ಲೇ ಬೇಡ ಎಂದಾಗ ಮಾಮಾರಿಗೆ ಸಮಾಧಾನ. ಆದರೆ ಆ ಚಾಳಿ ಇರಲಿ ಎನ್ನುತ್ತೇನೆ. ಮುಂದೆ ಮನೆ ಮಾರುವ ದಿನ, ಕೋಣೆ ಏರಿಸಿದ್ದು, ಸ್ಲ್ಯಾಬ್ ಹಾಕಿಸಿದ್ದು ಇಂಥ ದೊಡ್ಡ ಬಿಲ್ಲುಗಳೇ ಬೇಕಾಗುತ್ತವೆ, ಝೆರಾಕ್ಸ್ ಮಾಡಿಸಿಟ್ಟಿದ್ದರೆ.

ಮಾಮಾರ ಬತ್ತಳಿಕೆಯಲ್ಲಿ ಕೊನೆಯ ಬಾಣ ಮಾಮಿ. "ಫ್ಲ್ಯಾಟು ಈಕಿ ಹೆಸರಿಗೆ ಮಾಡೇನ್ರಿ, ಬಾಡಿಗಿ ಈಕಿದು, ನಂದೇನೂ ಇಲ್ಲ." ಕಾಯ್ದೆ ಈ ಬಾಣವನ್ನು ಅಜ್ಜನ ಕಾಲದಿಂದ ಕಂಡಿದೆ. ಪುಕ್ಕಟೆ ಹೆಂಡತಿಗೆ ಬರೆದುಕೊಟ್ಟ ಆಸ್ತಿಯ ಬಾಡಿಗೆ ಗಂಡನ ಆದಾಯಕ್ಕೇ ಕೂಡುತ್ತದೆ. ಗಂಡ-ಹೆಂಡತಿ ಬೇರೆ ಬೇರೆ ಇರುವ ಕರಾರಿನ ಮೇಲೆ ಕೊಟ್ಟಿದ್ದರೆ ಮಾತ್ರ ಬಿಡುಗಡೆ. ಇದನ್ನು ಕೇಳಿದ ಮಾಮಿ ಒಳಗಿನಿಂದಲೇ, "ಹಂಗಾದ್ರೂ ಚಲೋನ ಆತಲ್ರಿ" ಎಂದರು. ತೆರಿಗೆ ಉಳಿಸುವ ದೃಷ್ಟಿಯಿಂದ ಹೇಳಿದರೆಂದೇ ನಾನು ತಿಳಿದಿದ್ದೇನೆ.

ಅಂಗಡಿ ಗಾಳೆಯ ವಿಷಯದಲ್ಲಿ 2024ರ ಅಕ್ಟೋಬರ್ 10ರಿಂದ ಇನ್ನೊಂದು ತಿರುವು. ಮಾಲಕ ಜಿಎಸ್‌ಟಿಯಲ್ಲಿ ಇಲ್ಲದೆ, ಬಾಡಿಗೆಯ ವ್ಯಾಪಾರಿ ಇದ್ದರೆ, ಬಾಡಿಗೆಯ ಮೇಲಿನ ಶೇಕಡಾ 18ನ್ನು ವ್ಯಾಪಾರಿಯೇ ತುಂಬಬೇಕು. ಕಂಪೋಸಿಷನ್ನಿನವರಿಗೆ ಆಮೇಲೆ ಇದರಿಂದ ಮಾಫಿ ಸಿಕ್ಕಿತು. ಮಾಲಕನಿಗೆ ಇದರ ಗಂಧವೂ ಇಲ್ಲ, ಗೊತ್ತಾದರೆ ಖುಷಿಯೇ.

ಇಚಲಕರಂಜಿಯವರನ್ನು ಮರೆತರೆ ಮಗ್ಗ ಸುಮ್ಮನಿರುವುದಿಲ್ಲ. 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ವಿದ್ಯುತ್ ಮಗ್ಗ ತಂದ ಊರು ಅದು. ಅಲ್ಲಿ ಖರ್ಚಿವಾಲಾ ಎಂಬ ಜಾತಿಯ ಮಗ್ಗದವರಿದ್ದಾರೆ. ನೂಲು ವ್ಯಾಪಾರಿಯದು, ಮಗ್ಗ ಇವರದು, ಪಿಕ್ಕಿಗೆ ಇಷ್ಟು ಪೈಸೆ ಮಜೂರಿ. ಮಜೂರಿ ಬರುವುದು ಯಾವಾಗ? ವ್ಯಾಪಾರಿಗೆ ನೆನಪಾದಾಗ. ನೋಂದಾಯಿತ ಸಣ್ಣ ಉದ್ದಿಮೆಗೆ ಲಿಖಿತ ಕರಾರಿದ್ದರೆ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡದ ವ್ಯಾಪಾರಿಗೆ, ನಿಜವಾಗಿ ಕೊಡುವ ವರ್ಷದವರೆಗೂ ಆ ಖರ್ಚು ಲೆಕ್ಕಕ್ಕಿಲ್ಲ ಎಂಬ ನಿಯಮ 2023-24ರ ಲೆಕ್ಕದಿಂದ ಬಂದಾಗ ದೇಶದ ಬಟ್ಟೆಪೇಟೆಗಳೆಲ್ಲ ಬೊಬ್ಬೆ ಹಾಕಿದವು. ಸಾಲ ಕೊಟ್ಟವನ ಪರವಾಗಿ ಕಾಯ್ದೆ ಒಂದಾದರೂ ಮಾತಾಡಿತಲ್ಲ ಎಂದು ನನಗೆ ಸಂತೋಷವೇ ಆಯಿತು.

ಇವೆಲ್ಲಕ್ಕೂ ನಮ್ಮ ಭಾಗದಲ್ಲಿ ಒಂದು ರಾಮಬಾಣವಿದೆ: "ನಾ ರೈತರೀ." ರಿಟರ್ನ್ ತುಂಬುವ ಹೊತ್ತಿಗೆ ಪೇಟೆಯಲ್ಲಿ ಹುಟ್ಟಿ ಬೆಳೆದವರೂ ಎರಡೆಕರೆ ಕಬ್ಬು ಕಡಿಯುತ್ತಾರೆ, ಆ ಎರಡೆಕರೆಯಲ್ಲಿ ಹರಳಿಯ ಸಕ್ಕರೆ ಕಾರ್ಖಾನೆಯ ಬಾಯಿ ತುಂಬುವಷ್ಟು ಬೆಳೆ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ನಿಜ. ಆದರೆ 5,000 ಮೀರಿದರೆ ಉಳಿದ ಆದಾಯದ ದರ ಹಿಡಿಯಲು ಅದನ್ನೂ ಕೂಡಿಸುವುದುಂಟು. ಹೊಲದಲ್ಲಿ ನಿಂತ ಮೊಬೈಲ್ ಟವರಿನ ಬಾಡಿಗೆ ಹೊಲದಲ್ಲಿ ನಿಂತಿತೆಂದು ಬೆಳೆಯಾಗುವುದಿಲ್ಲ. ಹೊಲದ ಬದಿಯ ಮಂಗಲ ಕಾರ್ಯಾಲಯವೂ ಅಷ್ಟೇ.

ಮತ್ತೆ ಅಂಗಡಿಯ ಆಳಿನ ಪಗಾರದಲ್ಲಿ ಪ್ರೊಫೆಶನ್ ಟ್ಯಾಕ್ಸ್. 20,000 ಪಗಾರದ ಗಂಡಸು ಗಡಹಿಂಗ್ಲಜದಲ್ಲಿ ತಿಂಗಳಿಗೆ 200 ಕೊಡುತ್ತಾನೆ, ಫೆಬ್ರುವರಿಯಲ್ಲಿ 300. ಅದೇ ಪಗಾರದ ಹೆಂಗಸಿಗೆ ಮಹಾರಾಷ್ಟ್ರ ಮಾಫಿ ಕೊಟ್ಟಿದೆ. ಸಂಕೇಶ್ವರದಲ್ಲಾದರೆ ಇಬ್ಬರಿಗೂ ಇಲ್ಲ. ದಿನಗಳು ಕಡಿಮೆ ಇರುವ ತಿಂಗಳಲ್ಲೇ ಹೆಚ್ಚು ತೆಗೆದುಕೊಳ್ಳುವ ಈ ಜಾಣತನ ವರ್ಷದ 2,500 ಭರ್ತಿಗೆ.

ಇಷ್ಟೆಲ್ಲ ಆದ ಮೇಲೆ ಕಾಕಾರನ್ನು ಒಮ್ಮೆ ಸಿಎ ಸಾಹೇಬರ ಕಡೆ ಕರೆದುಕೊಂಡು ಹೋಗಿದ್ದೆ. ಸಾಹೇಬರು ಎರಡು ಗಂಟೆ ಕೂತು 8-6 ಬಿಡಿಸಿ ಹೇಳಿ, ರಿಟರ್ನ್ ತುಂಬಿ, ಫೀ ಹೇಳಿದರು. ಕಾಕಾ ಕುರ್ಚಿಯನ್ನು ಮುಂದೆ ಎಳೆದುಕೊಂಡು ದನಿ ತಗ್ಗಿಸಿದರು: "ಸಾಹೇಬ್ರ, ಬಿಲ್ ಬ್ಯಾಡ್ರಿ. ಜಿಎಸ್‌ಟಿ ಬಿಟ್ಟು ನಗದಿ ಎಷ್ಟ ಹೇಳ್ರಿ."

ಸಾಹೇಬರು ನಕ್ಕು, "ಬಿಲ್ ಇಲ್ಲಂದ್ರ ಈ ಫೀ ನಿಮ್ಮ ಖರ್ಚಿನ್ಯಾಗ ಹಿಡಿಯಾಕ ಬರೂದಿಲ್ಲ ನೋಡ್ರಿ ಕಾಕಾ" ಎಂದರು.

"ಎಂಟ ಟಕ್ಕೆದಾಗ ಖರ್ಚ ತೋರ್ಸೂದ ಬ್ಯಾಡಂತ ಈಗ ನೀವ ಹೇಳಿದ್ರಲ್ರಿ!"